ಕ್ರೋಷಾ ಕಡ್ಡಿಯ ಸಹವಾಸ

ಒಂದು ಕಾಲದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳಿಗಿಂತ ಸಾಮಾನುಗಳೇ ಚೆನ್ನಾಗಿ ಉಟ್ಟು ತೊಟ್ಟು ಕೂತಿರುತ್ತಿದ್ದವು. ರೇಡಿಯೊಗೆ ಒಂದು ಲೇಸಿನ ಹೊದಿಕೆ, ಹಾರ್ಮೋನಿಯಂ ಪೆಟ್ಟಿಗೆಗೆ ಇನ್ನೊಂದು, ಟ್ರಂಕಿಗೆ ಮತ್ತೊಂದು, ತಲೆಯೆಣ್ಣೆ ತಾಗದಿರಲಿ ಎಂದು ಕುರ್ಚಿಯ ಬೆನ್ನಿಗೆ ಮಗದೊಂದು. ಆಮೇಲೆ ಟೀವಿ ಎಂಬ ಮಹಾನುಭಾವ ಮನೆ ಹೊಕ್ಕಾಗ ಅದರ ನೆತ್ತಿಗೆ ಒಂದು ಜಾಲರಿ, ಜಾಲರಿಯ ಮೇಲೆ ಹೂದಾನಿ, ಹೂದಾನಿಯ ತಳಕ್ಕೆ ಅಂಗೈ ಅಗಲದ ಇನ್ನೊಂದು ಜಾಲರಿ. ಈ ಸಮಸ್ತ ವಸ್ತ್ರಾಲಂಕಾರವೂ ಅರ್ಧ ಗೇಣುದ್ದದ, ತುದಿಯಲ್ಲಿ ಕೊಕ್ಕೆಯಿರುವ ಒಂದೇ ಒಂದು ಕಡ್ಡಿಯಿಂದ ಹುಟ್ಟಿ ಬರುತ್ತಿತ್ತು. ಐವತ್ತು ದಾಟಿದವರಿಗೆ ಇಷ್ಟು ಹೇಳಿದರೆ ಸಾಕು, ಕಣ್ಣೆದುರು ತಮ್ಮ ಅತ್ತೆಯೋ ಚಿಕ್ಕಮ್ಮನೋ ಬಂದು ಕೂತಿರುತ್ತಾರೆ. ಉಳಿದವರು ಸಾವಧಾನವಾಗಿ ಕೇಳಿ; ಕಾಫಿಗೆ ಇಟ್ಟಿದ್ದೇನೆ, ನನಗೂ ಅವಸರವಿಲ್ಲ.

ನನ್ನ ಪಾಲಿಗೆ ಬಂದು ಕೂರುವವರು ತೀರ್ಥಹಳ್ಳಿ ಕಡೆಯ ನಮ್ಮ ಸೋದರತ್ತೆ. ಅವರು ಮಾಡಿದ್ದರಲ್ಲೆಲ್ಲ ನನಗೆ ಅಚ್ಚುಮೆಚ್ಚು ಮಜ್ಜಿಗೆ ಚೊಂಬಿನ ಮುಚ್ಚಳ. ನಡುವೆ ಒಂದು ಚಕ್ರ, ಚಕ್ರದ ಸುತ್ತ ಎಂಟು ಎಸಳು, ಒಂದೊಂದು ಎಸಳಿನ ತುದಿಗೂ ಒಂದೊಂದು ನೀಲಿ ಗಾಜಿನ ಮಣಿ. ಮಣಿ ಅಂದಕ್ಕೆ ಮಾತ್ರ ಅಂತ ನೀವು ಅಂದುಕೊಂಡರೆ ಅತ್ತೆಯ ಬುದ್ಧಿಗೆ ಅನ್ಯಾಯವಾಗುತ್ತದೆ. ಆ ಭಾರಕ್ಕೆ ಮುಚ್ಚಳ ಚೊಂಬಿನ ಕಂಠಕ್ಕೆ ಬಾಗಿ ಕೂರುತ್ತಿತ್ತು, ಗಾಳಿಗೆ ಹಾರುತ್ತಿರಲಿಲ್ಲ, ನೊಣ ಒಳಗೆ ನುಸುಳುತ್ತಿರಲಿಲ್ಲ, ಮಜ್ಜಿಗೆಗೆ ಗಾಳಿಯೂ ಆಡುತ್ತಿತ್ತು. ಅದೂ ಅಲ್ಲದೆ ಅಡಿಗೆಮನೆಯ ಕತ್ತಲಲ್ಲಿ ಯಾರಾದರೂ ಮುಚ್ಚಳ ಎತ್ತಿದರೆ ಆ ಎಂಟು ಮಣಿ ಸ್ಟೀಲಿಗೆ ತಾಗಿ ಕಿಣಿಕಿಣಿ ಅನ್ನುತ್ತಿದ್ದವು; ನಡುಮನೆಯಲ್ಲಿ ಮಲಗಿದ್ದ ಅತ್ತೆ ಕಣ್ಣು ಬಿಡದೆಯೇ "ಉಪ್ಪು ಮಾಡದ ಮೇಲಿದೆ, ಹಾಕ್ಕೊಂಡು ಕುಡಿ" ಅನ್ನುತ್ತಿದ್ದರು. ಕಳ್ಳನನ್ನು ಹಿಡಿಯುವ ಸಲಕರಣೆಯೇ ಅವನಿಗೆ ಉಪಚಾರವನ್ನೂ ಮಾಡುತ್ತಿದ್ದ ಮನೆ ಅದು.

ಇಷ್ಟು ವರ್ಷ ಕಣ್ಣಲ್ಲಿ ಮಾತ್ರ ಇದ್ದ ಈ ವಿದ್ಯೆ ನನ್ನ ಕೈಗೆ ಬಂದದ್ದು ಮೈಸೂರಿನಲ್ಲಿ, ನಮ್ಮ ಕೆಳಮನೆಯ ಹುಡುಗಿಯ ದೆಸೆಯಿಂದ. ಆಕೆ ಸೀರೆಗೆ ಕುಚ್ಚು ಹಾಕುತ್ತಾಳೆ. ಊಟವಾಗಿ, ಮಗು ಮಲಗಿದ ಮೇಲೆ, ಮೆಟ್ಟಿಲ ಬೆಳಕಿಗೆ ಬಂದು ಕೂತು ಯಾರದೋ ಮದುವೆ ಸೀರೆಯ ಸೆರಗನ್ನು ಮೊಣಕಾಲ ಮೇಲೆ ಹರಡಿಕೊಂಡು, ಕೂದಲೆಳೆಯಂಥ ಕಡ್ಡಿಯನ್ನು ಸೆರಗಿನ ಅಂಚಿಗೆ ಚುಚ್ಚಿ, ರೇಷ್ಮೆ ದಾರವನ್ನು ಈಚೆಗೆ ಎಳೆದು, ನಾಲ್ಕು ಚೈನು ಹಾಕಿ, ಮಣಿ ಪೋಣಿಸಿ, ಮತ್ತೆ ಅಂಚಿಗೆ ಚುಚ್ಚಿ, ಹೀಗೇ ಸೆರಗಿನ ಆ ತುದಿಯಿಂದ ಈ ತುದಿಯ ತನಕ. ನೋಡುತ್ತ ನಿಂತಿದ್ದ ನನ್ನನ್ನು ನೋಡಿ ಒಂದು ದಿನ "ಸುಮ್ನೆ ಯಾಕೆ ನಿಂತ್ಕೊಂಡಿದೀರ ಆಂಟಿ, ಕೂತ್ಕೊಳಿ, ಹಿಡ್ಕೊಳಿ" ಎಂದು ಒಂದು ದಪ್ಪ ಕಡ್ಡಿಯನ್ನೂ ಉಳಿದ ಉಲ್ಲನ್ ದಾರವನ್ನೂ ನನ್ನ ಕೈಗಿತ್ತಳು. ಆಕೆ ಕೊಟ್ಟ ಮೊದಲ ಉಪದೇಶ ಇದು: "ಬಿಗಿಯಾಗಿ ಹಿಡೀಬೇಡಿ. ದಾರ ಬೆರಳಲ್ಲಿ ಓಡಾಡ್ಬೇಕು." ಇದಕ್ಕಿಂತ ದೊಡ್ಡ ಮಂತ್ರ ಈ ಶಾಸ್ತ್ರದಲ್ಲಿ ಇನ್ನೊಂದನ್ನು ನಾನು ಈವರೆಗೆ ಕಂಡಿಲ್ಲ. ಬಿಗಿ ಹಿಡಿದರೆ ಕೊಕ್ಕೆ ಒಳಗೇ ಹೋಗುವುದಿಲ್ಲ. ಪೂರಾ ಸಡಿಲ ಬಿಟ್ಟರೆ ಹೆಣಿಗೆಯ ಸಂದಿನಿಂದ ಎದುರುಮನೆ ಕಾಣುತ್ತದೆ.

ಬೇಕಾದ ಸಾಮಗ್ರಿ ಕೇಳಿದರೆ ನಿಮಗೆ ನಗು ಬರಬೇಕು. ಒಂದು ಕಡ್ಡಿ, ಒಂದು ಉಂಡೆ ದಾರ, ಒಂದು ಕತ್ತರಿ, ತುದಿ ಸೇರಿಸಲಿಕ್ಕೆ ಮೊನೆ ಮೊಂಡಾದ ದಪ್ಪ ಸೂಜಿ. ಇಡೀ ಕಾರ್ಖಾನೆ ಒಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಹಿಡಿಸುತ್ತದೆ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ಹೋಗಿ ದಾರ, ಮಣಿ ಎಲ್ಲ ತಂದುಕೊಳ್ಳಬಹುದು. ಉಳಿದವರಿಗೆ ತಮ್ಮೂರಿನ ಟೈಲರಿಂಗ್ ಸಾಮಾನಿನ ಅಂಗಡಿ ಸಾಕು. ಹೊಸಬರು 4 ಮಿಲಿಮೀಟರಿನ ಕಡ್ಡಿಯನ್ನೂ ಅದಕ್ಕೆ ಹೊಂದುವ ಮಧ್ಯಮ ದಪ್ಪದ ಹತ್ತಿ ದಾರವನ್ನೂ ತೆಗೆದುಕೊಳ್ಳಿ, ಬಣ್ಣ ಮಾತ್ರ ತಿಳಿಯಾಗಿರಲಿ. ಕಪ್ಪು, ಕಡುನೀಲಿಯಲ್ಲಿ ಹೆಣಿಗೆಯ ಬಾಯಿ ಎಲ್ಲಿದೆ ಎಂದೇ ಕಾಣುವುದಿಲ್ಲ. ಕಲಿಯುವುದೋ, ಮೂರೇ ಮೂರು. ಸರಪಳಿ, ಅದನ್ನು ಎಲ್ಲರೂ ಚೈನು ಎನ್ನುತ್ತಾರೆ. ಆಮೇಲೆ ನಮ್ಮ ಕೆಳಮನೆಯ ಹುಡುಗಿ ಹೇಳುವ ಹಾಗೆ ಗಿಡ್ಡ ಕಂಬ, ಉದ್ದ ಕಂಬ. ಈ ಮೂರರಲ್ಲೇ ಸಕಲ ಚರಾಚರ ಸೃಷ್ಟಿಯೂ ಅಡಗಿದೆ. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಮೊಬೈಲಿನಲ್ಲಿ ನೋಡಿ ಕಲಿಯುವಾಗ ಇಂಗ್ಲೆಂಡಿನವರು 'ಡಬಲ್' ಎಂದರೆ ಅದು ಗಿಡ್ಡ ಕಂಬ, ಅಮೆರಿಕದವರು 'ಡಬಲ್' ಎಂದರೆ ಉದ್ದ ಕಂಬ. ಎರಡು ದೇಶಗಳ ನಡುವಿನ ಈ ವ್ಯಾಜ್ಯ ಗೊತ್ತಿಲ್ಲದೆ ಹೊರಟರೆ ಗುಂಡಗೆ ಬರಬೇಕಾದ್ದು ಮೊಗಚಿದ ಬಟ್ಟಲಾಗಿ ನಿಲ್ಲುತ್ತದೆ. ಮಾಡುವವರು ಯಾವ ಊರಿನ ಲೆಕ್ಕ ಹೇಳುತ್ತಿದ್ದಾರೆ ಎಂದು ಮೊದಲೇ ನೋಡಿಕೊಂಡರಾಯಿತು.

ಈ ಕೆಲಸ ಹೊಸಬರಿಗೆ ಯಾಕೆ ಇಷ್ಟು ಹೇಳಿ ಮಾಡಿಸಿದ ಹಾಗಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಎರಡು ಕಡ್ಡಿಯ ನಿಟ್ಟಿಂಗಿನಲ್ಲಿ ಒಂದು ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ಜೀವಂತವಾಗಿರುತ್ತವೆ. ಮೊಮ್ಮಗ ಬಂದು ಕಡ್ಡಿ ಎಳೆದನೋ, ಅಷ್ಟೂ ಕುಣಿಕೆಗಳು ಅನಾಥ. ಕ್ರೋಷಾದಲ್ಲಿ ಹಾಗಲ್ಲ. ಯಾವ ಕ್ಷಣದಲ್ಲಿ ನೋಡಿದರೂ ಕೊಕ್ಕೆಯ ಮೇಲೆ ಜೀವವಿರುವುದು ಒಂದೇ ಕುಣಿಕೆಗೆ. ಹಿಂದಿನದ್ದೆಲ್ಲ ಮುಗಿದು, ಕಟ್ಟಿಕೊಂಡು, ತನ್ನ ಪಾಡಿಗೆ ತಾನಿದೆ. ಏಕಪಾಶವ್ರತ ಎನ್ನಬಹುದು. ಹಾಲು ಉಕ್ಕಿತು, ಕೊರಿಯರಿನವನು ಬಂದ, ಕಡ್ಡಿಯನ್ನು ಈಚೆಗೆಳೆದು ಆ ಒಂದು ಕುಣಿಕೆಯನ್ನು ಕೊಂಚ ಉದ್ದ ಮಾಡಿ ಬಿಟ್ಟು ಎದ್ದು ಹೋಗಿ, ಸಂಜೆ ಬಂದು ಅಲ್ಲಿಂದಲೇ ಹಿಡಿಯಿರಿ. ಬೇಡವೆನ್ನಿಸಿದರೆ ದಾರದ ತುದಿ ಹಿಡಿದು ಎಳೆಯಿರಿ, ಟಪಟಪ ಟಪಟಪ ಎಂದು ಬಿಚ್ಚಿಕೊಳ್ಳುತ್ತ ಮೊದಲ ಗಂಟಿನ ತನಕ ಹೋಗುತ್ತದೆ. ಒಂದಿಂಚು ದಾರವೂ ನಷ್ಟವಿಲ್ಲ. ಸೀರೆ ಕತ್ತರಿಸಿದ ಮೇಲೆ ಕತ್ತರಿಸಿದ್ದೇ, ಸಾರಿಗೆ ಉಪ್ಪು ಬಿದ್ದ ಮೇಲೆ ಬಿದ್ದದ್ದೇ. ಪೂರ್ವಸ್ಥಿತಿಗೆ ಪೂರ್ತಿಯಾಗಿ ಮರಳಬಲ್ಲ ಕೆಲಸ ಗೃಹಕೃತ್ಯದಲ್ಲಿ ಬೇರೆ ಯಾವುದಿದೆ ಹೇಳಿ.

ಮೊದಲು ಮಾಡಬೇಕಾದ್ದು ಒಂದು ಚಕ್ರ, ಲೋಟದ ಕೆಳಗಿಡುವಂಥದ್ದು. ಅದರ ಗುಟ್ಟು ಆರರ ಮಗ್ಗಿ. ನಡುವಿನ ಕುಣಿಕೆಯೊಳಗೆ ಆರು ಗಿಡ್ಡ ಕಂಬ. ಎರಡನೆಯ ಸುತ್ತಿಗೆ ಒಂದೊಂದರ ಮೇಲೂ ಎರಡೆರಡು, ಹನ್ನೆರಡು. ಮೂರನೆಯ ಸುತ್ತಿಗೆ ಒಂದು ಬಿಟ್ಟು ಒಂದಕ್ಕೆ ಎರಡು, ಹದಿನೆಂಟು. ಮುಂದೆ ಇಪ್ಪತ್ತನಾಲ್ಕು, ಮೂವತ್ತು. ನಮ್ಮ ಊರಿನಲ್ಲಿ ದೀಪ ಹಚ್ಚಿದ ಮೇಲೆ ಜಗಲಿಯ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುವ ಪದ್ಧತಿಯಿತ್ತು. "ಆರೊಂದ್ಲ ಆರು, ಆರೆರಡ್ಲ ಹನ್ನೆರಡು" ಎಂದು ನಾವು ರಾಗವಾಗಿ ಕೂಗುತ್ತಿದ್ದರೆ ಅಜ್ಜ ಕಣ್ಣು ಮುಚ್ಚಿ ಅಡಿಕೆ ಜಗಿಯುತ್ತಿದ್ದರು. ಅತ್ತೆ ಕಂಬಕ್ಕೊರಗಿ ಕೊಕ್ಕೆ ಆಡಿಸುತ್ತ, ನಮ್ಮ ಜೊತೆಗೆ ತಾವೂ ತುಟಿ ಅಲ್ಲಾಡಿಸುತ್ತಿದ್ದರು. ಮಗ್ಗಿಯ ಮೇಲೆ ಅವರಿಗೆ ಅಷ್ಟು ಪ್ರೀತಿ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವರು ನಮ್ಮ ಬಾಯಿಂದ ತಮ್ಮ ಚಕ್ರದ ಸುತ್ತುಗಳನ್ನು ಎಣಿಸಿಕೊಳ್ಳುತ್ತಿದ್ದರು.

ಆರೇ ಯಾಕೆ, ಐದು ಯಾಕಲ್ಲ ಎಂದು ಕೇಳುವ ಸ್ವಭಾವದವರಿಗೆ ಉತ್ತರ ಇದೆ. ಗಿಡ್ಡ ಕಂಬದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಚಕ್ರದ ತ್ರಿಜ್ಯ ಒಂದು ಕಂಬದಷ್ಟು ಬೆಳೆದಾಗ ಪರಿಧಿ ಎರಡು ಪೈ, ಅಂದರೆ ಸುಮಾರು 6.28 ಕಂಬದಷ್ಟು ಬೆಳೆಯಲೇಬೇಕು. ಅದಕ್ಕೇ ಸುತ್ತಿಗೆ ಆರು. ಉದ್ದ ಕಂಬವಾದರೆ ಎತ್ತರ ಹೆಚ್ಚು, ಅದಕ್ಕೆ ಸುತ್ತಿಗೆ ಹನ್ನೆರಡು ಬೇಕು. ಪೈಯನ್ನು ಹೈಸ್ಕೂಲಿನ ನಂತರ ಮತ್ತೆ ಭೇಟಿಯಾಗುತ್ತೇನೆ, ಅದೂ ಲೋಟದ ಕೆಳಗೆ, ಎಂದು ನಾನು ಎಣಿಸಿರಲಿಲ್ಲ.

ಇನ್ನು ಮುಂದೆ ಇರುವುದೇ ನಿಜವಾದ ಸೊಗಸು. ಚಕ್ರ ಐದಿಂಚು ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ, ಇದ್ದಷ್ಟೇ ಕಂಬಗಳನ್ನು ಸುತ್ತು ಸುತ್ತಿಗೂ ಹಾಕುತ್ತ ಹೋದರೆ ಗೋಡೆ ಎದ್ದು ನಿಲ್ಲುತ್ತದೆ. ಬಾಯಿಗೆ ಒಂದು ಎಳೆದಾರ ತೂರಿಸಿದರೆ ತೆಂಗಿನಕಾಯಿ ಹಿಡಿಸುವ ತಾಂಬೂಲದ ಚೀಲ. ವರಮಹಾಲಕ್ಷ್ಮಿಗೆ ಮನೆಗೆ ಬಂದವರಿಗೆ ಪ್ಲಾಸ್ಟಿಕ್ ಕವರಿನಲ್ಲಿ ಕಾಯಿ, ಎಲೆ, ಅಡಿಕೆ, ಕಣ ಕೊಡುವ ಬದಲು ಇದರಲ್ಲಿ ಕೊಟ್ಟು ನೋಡಿ. ಅದನ್ನೇ ಮೆತ್ತನೆಯ ದಾರದಲ್ಲಿ ಮಾಡಿ ಮೊಗಚಿದರೆ ಎಳೆ ಮಗುವಿನ ಟೋಪಿ. ಕಾಯಿಗೂ ಕಂದಮ್ಮನಿಗೂ ಒಂದೇ ಲೆಕ್ಕ. ಇದಕ್ಕೆ ವ್ಯತಿರಿಕ್ತವಾಗಿ, ಬೇಕಾದ್ದಕ್ಕಿಂತ ಹೆಚ್ಚು ಕಂಬಗಳನ್ನು ತುರುಕುತ್ತ ಹೋದಿರೋ, ಚಕ್ರ ಚಪ್ಪಟೆಯಾಗಿರಲು ಜಾಗ ಸಾಲದೆ ಕೋಳಿಜುಟ್ಟಿನ ಹೂವಿನ ಹಾಗೆ ನಿರಿಗೆ ನಿರಿಗೆಯಾಗಿ ಏಳುತ್ತದೆ. ನಮ್ಮಲ್ಲಿ ಇದನ್ನು 'ಸೊಟ್ಟ ಆಯ್ತು' ಎಂದು ಬಿಚ್ಚುತ್ತಾರೆ. ಆದರೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ, ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ ಇದನ್ನು ಬೇಕೆಂದೇ ಮಾಡಿದರು. ಗಣಿತದಲ್ಲಿ ಹೈಪರ್ಬೋಲಿಕ್ ಸಮತಲ ಎಂಬ ವಿಚಿತ್ರ ಜಾಗವೊಂದಿದೆ. ಅಲ್ಲಿ ಒಂದು ಗೆರೆಯ ಹೊರಗಿನ ಒಂದು ಬಿಂದುವಿನ ಮೂಲಕ ಆ ಗೆರೆಯನ್ನು ಎಂದೂ ಸಂಧಿಸದ ಎಷ್ಟು ಗೆರೆಗಳನ್ನಾದರೂ ಎಳೆಯಬಹುದು. ಅದನ್ನು ತೋರಿಸಲು ಕಾಗದದ ಪಟ್ಟಿ ಅಂಟಿಸಿ ಮಾಡುತ್ತಿದ್ದ ಮಾದರಿಗಳು ಮುಟ್ಟಿದರೆ ಹರಿಯುತ್ತಿದ್ದವು. ತೈಮಿನಾ ದಾರ ಹಿಡಿದು, ಇಷ್ಟು ಕಂಬಕ್ಕೊಂದು ಹೆಚ್ಚಿಗೆ ಎಂದು ಲೆಕ್ಕ ಇಟ್ಟು ಹೆಣೆದುಕೊಂಡು ಬಂದರು. ವಿದ್ಯಾರ್ಥಿಗಳು ಆ ಅಮೂರ್ತ ಜಾಗವನ್ನು ಮಡಚಿ, ಮುಟ್ಟಿ, ಅದರ ಮೇಲೆ ಗೆರೆ ಹೊಲಿದು ನೋಡುವ ಹಾಗಾಯಿತು. ಈ ಸಂಗತಿ ಕೇಳಿದ ಮೇಲೆ ನಮ್ಮ ಕೆಳಮನೆಯ ಹುಡುಗಿ ಒಂದು ನಿರಿಗೆಯ ಚಕ್ರವನ್ನು ಬಿಚ್ಚದೆ ಗೋಡೆಗೆ ತೂಗುಹಾಕಿದ್ದಾಳೆ.

ಇನ್ನು ಯಾರಿಗೆ ಏನು ಮಾಡಿಕೊಡಬೇಕು ಎಂಬ ಪ್ರಶ್ನೆ. ಇದರಲ್ಲಿ ನನಗೆ ಖಚಿತ ಅಭಿಪ್ರಾಯಗಳಿವೆ. ಬಿಸಿ ಪಾತ್ರೆ ಇಳಿಸುವ ಮಣೆಬಟ್ಟೆ ಮಾಡುವುದಾದರೆ ಹತ್ತಿ ದಾರವೇ ಆಗಬೇಕು, ದಾರವನ್ನು ಎರಡೆಳೆ ಮಾಡಿ ದಪ್ಪಗೆ ಹೆಣೆಯಬೇಕು; ನಾವು ಉಲ್ಲನ್ ಎಂದು ಕರೆಯುವ ಅಂಗಡಿಯ ದಾರ ಬಹುಪಾಲು ಅಕ್ರಿಲಿಕ್, ಕುಕ್ಕರಿನ ತಳ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಎಳೆ ಮಗುವಿನ ಯಾವ ವಸ್ತುವಿಗೂ ಮಣಿ, ಗುಂಡಿ ಕೂಡದು, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ. ಮೈಸೂರಿನವರಿಗೆ ದಸರೆಯ ಬೊಂಬೆ ಕೂರಿಸುವ ಮನೆ ಒಂದಾದರೂ ಗೊತ್ತಿರುತ್ತದೆ. ಪಟ್ಟದ ಬೊಂಬೆಯ ಕಾಲಡಿಗೆ ಕೆಂಪು ಹಳದಿಯ ಚಕ್ರವೊಂದನ್ನು ಮಾಡಿಕೊಡಿ, ಮಗ್ಗಿಯ ನಾಲ್ಕು ಸಾಲು ಬಂದರೆ ಸಾಕು, ಆ ಮನೆಯ ಹೆಂಗಸು ವರ್ಷ ವರ್ಷವೂ ಬೊಂಬೆ ಇಳಿಸುವಾಗ ನಿಮ್ಮನ್ನು ನೆನೆಯುತ್ತಾಳೆ. ಸ್ವೆಟರಿಗೆ ಆಗಲೇ ಕೈ ಹಾಕಬೇಡಿ. ಉದ್ದದ ಕೆಲಸ ಬೇಕೆಂದರೆ ಮಫ್ಲರ್ ಇದೆ: ಹೋಗುವುದು, ತಿರುಗುವುದು, ಬರುವುದು, ಅಷ್ಟೇ. ಚಕ್ರವರ್ತಿನಿಯರೂ ಮಾಡಿದ್ದು ಅದನ್ನೇ. 1900ರಲ್ಲಿ, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕಾಲಕ್ಕೆ, 80ರ ಆಸುಪಾಸಿನಲ್ಲಿದ್ದ ವಿಕ್ಟೋರಿಯಾ ರಾಣಿ ಖಾಕಿ ಉಣ್ಣೆಯಲ್ಲಿ 8 ಮಫ್ಲರುಗಳನ್ನು ತಾನೇ ಹೆಣೆದು, ಶೌರ್ಯಕ್ಕೆಂದು ಸಿಪಾಯಿಗಳಿಗೆ ಕಳಿಸಿದಳು. ಖಜಾನೆಯಲ್ಲಿ ಪದಕಗಳಿಗೆ ಬರವಿರಲಿಲ್ಲ. ಆದರೂ ಆ ಮುದುಕಿಗೆ ಕೈಯಾರೆ ಮಾಡಿದ್ದನ್ನೇ ಕೊಡಬೇಕೆನ್ನಿಸಿತು.

ಚೌಕಗಳ ಮಾತನ್ನು ಮರೆತೆನೆನ್ನಬೇಡಿ. ಅಂಗೈಯಗಲದ ಚೌಕ ಮಾಡುವುದನ್ನು ಕಲಿತ ನಾಲ್ಕು ಜನ ಸೇರಿದರೆ ಒಂದು ಹೊದಿಕೆ ಆಗುತ್ತದೆ, ನಾಲ್ಕು ಸಾವಿರ ಜನ ಸೇರಿದರೆ ಎಂಥದ್ದೂ ಆಗುತ್ತದೆ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ 'ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್' ಎಂಬ ಹೆಂಗಸರ ಬಳಗ ಚೌಕಕ್ಕೆ ಚೌಕ ಸೇರಿಸಿ 11,148.5 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ನಮ್ಮ ಲೆಕ್ಕದಲ್ಲಿ ಅದು ಎರಡೂಮುಕ್ಕಾಲು ಎಕರೆ. ನಮ್ಮೂರಲ್ಲಿ ಅಷ್ಟು ಅಡಿಕೆ ತೋಟವಿದ್ದವರಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿರಲಿಲ್ಲ.

ಈಗ ನಾನು ಹೇಳಲೇಬೇಕೆಂದಿರುವ ಮಾತಿಗೆ ಬರುತ್ತೇನೆ, ಕಾಫಿ ಆರಿದ್ದರೆ ಬಿಸಿ ಮಾಡಿಕೊಡುತ್ತೇನೆ. ಕಾಲುಚೀಲ ಹೆಣೆಯುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಮಾಡಿದ. ನಿಟ್ಟಿಂಗು ಅಂದಿನಿಂದ ಯಂತ್ರದ ಪಾಲಾಗುತ್ತ ಬಂತು. ಕ್ರೋಷಾ ಮಾತ್ರ ಇವತ್ತಿಗೂ ಕಾರ್ಖಾನೆಯ ಯಂತ್ರಕ್ಕೆ ಬಗ್ಗಿಲ್ಲ. ಒಂದೇ ಕುಣಿಕೆ, ಅದು ಯಾವ ದಿಕ್ಕಿಗೆ ಬೇಕಾದರೂ ಹೊರಳಿ ಎಲ್ಲಿ ಬೇಕಾದರೂ ಚುಚ್ಚಿಕೊಳ್ಳುತ್ತದೆ. ಆ ಸ್ವಾತಂತ್ರ್ಯವನ್ನು ಅನುಕರಿಸುವ ಕಾರ್ಖಾನೆಯಿಲ್ಲ. ಅಂಗಡಿಯಲ್ಲಿ ಮಷೀನಿನದು ಎಂದು ಸಿಗುವುದು ನೋಟಕ್ಕೆ ಹಾಗಿರುವ ಬೇರೆ ಹೆಣಿಗೆ. ಹಾಗಾದರೆ ಲೋಕದ ಯಾವ ಮಾಲಿನಲ್ಲಿ ನೇತುಹಾಕಿದ ನಿಜವಾದ ಕ್ರೋಷಾ ಕುಪ್ಪಸವನ್ನಾದರೂ ಯಾರೋ ಒಬ್ಬರು ಕೂತು, ಕುಣಿಕೆಗೆ ಕುಣಿಕೆ ಎಳೆದು ಮಾಡಿರಲೇಬೇಕು. ಅದಕ್ಕೆ ಅಂಟಿಸಿದ ಬೆಲೆ ಕಡಿಮೆಯಿದ್ದಷ್ಟೂ ಆ ಕೈಗೆ ಸಿಕ್ಕಿದ್ದು ಕಡಿಮೆ.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಡಿದು ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಾಗ ಅಲ್ಲಿನ ಎಷ್ಟೋ ಗುಡಿಸಲುಗಳಲ್ಲಿ ಒಲೆ ಹಚ್ಚಿದ್ದು ಈ ಕೊಕ್ಕೆ. ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕಸ್ಸಾಂಡ್ರಾ ಹ್ಯಾಂಡ್ 1847ರಲ್ಲಿ ಹೆಂಗಸರಿಗೆ ಲೇಸು ಕಲಿಸುವ ಏರ್ಪಾಡು ಮಾಡಿದಳು. ಒಬ್ಬಳದು ಗುಲಾಬಿ, ಇನ್ನೊಬ್ಬಳದು ದ್ರಾಕ್ಷಿಗೊಂಚಲು, ಮತ್ತೊಬ್ಬಳು ಅವನ್ನೆಲ್ಲ ಬಲೆಯಲ್ಲಿ ಜೋಡಿಸುವವಳು. ತಮ್ಮ ಮನೆಯ ಹೂವಿನ ಗುಟ್ಟನ್ನು ಪಕ್ಕದ ಮನೆಗೆ ಬಿಟ್ಟುಕೊಡದ ಕುಟುಂಬಗಳೂ ಇದ್ದವಂತೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸ್ಕಾಟ್ಲೆಂಡಿನ ಮಿಷನರಿಗಳು ನಮ್ಮ ಪಕ್ಕದ ಗೋದಾವರಿ ಸೀಮೆಯ ನರಸಾಪುರಕ್ಕೆ ಈ ವಿದ್ಯೆ ತಂದರು. ಇವತ್ತಿಗೂ ನರಸಾಪುರ, ಪಾಲಕೊಲ್ಲು ಸುತ್ತಿನ ಮನೆಮನೆಯಲ್ಲಿ ಲೇಸು ನಡೆಯುತ್ತದೆ, ಹೊರದೇಶಕ್ಕೆ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು ಆ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನಕ್ಕೆ ಆರೆಂಟು ಗಂಟೆ ಬೆನ್ನು ಬಗ್ಗಿಸಿ ದುಡಿಯುವ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ. ಇವರು ಗೃಹಿಣಿಯರು, ಬಿಡುವಿನಲ್ಲಿ ಏನೋ ಮಾಡುತ್ತಾರೆ ಎಂದರು. ಬಿಡುವಿನ ಕೆಲಸ ಎಂದು ಕರೆದದ್ದರಿಂದಲೇ ಕೂಲಿಯನ್ನು ಅಷ್ಟು ಕೆಳಗಿಡಲು ಸಾಧ್ಯವಾಯಿತು ಎಂಬುದು ಮೀಸ್ ಅವರ ವಾದ. ಅದು ನೂರಕ್ಕೆ ನೂರು ನಿಜ ಎಂದು ನಮ್ಮ ಮೆಟ್ಟಿಲ ಮೇಲೆ ಕೂತೇ ನಾನು ಹೇಳಬಲ್ಲೆ. ಹತ್ತಾರು ಸಾವಿರದ ಸೀರೆಯನ್ನು ಚೌಕಾಸಿ ಮಾಡದೆ ತಂದವರು ಕುಚ್ಚಿನ ಹುಡುಗಿಯ ಹತ್ತಿರ ನೂರು ರೂಪಾಯಿಗೆ ಜಗ್ಗಾಡುತ್ತಾರೆ, "ಮನೇಲಿ ಕೂತ್ಕೊಂಡು ಮಾಡೋದು ತಾನೆ" ಎನ್ನುತ್ತಾರೆ. ಕೂತುಕೊಂಡು ಮಾಡಿದ್ದಕ್ಕೇ ಆಕೆಯ ಸೊಂಟ ನೋಯುವುದು. ನಮ್ಮ ಸೋದರತ್ತೆ ಲಂಗದ ಅಂಚಿಗೆ, ದಿಂಬಿನ ಗವುಸಿಗೆ ಲೇಸು ಹೆಣೆದು ಪೇಟೆಗೆ ಕೊಟ್ಟು ಬಂದ ದುಡ್ಡಿನಲ್ಲಿ ಮಗಳ ಹಾಸ್ಟೆಲ್ಲಿನ ಫೀಸು ಕಟ್ಟಿದರು. ಮನೆಯ ಗಂಡಸರು ಅದನ್ನು ಕೊನೆಯತನಕ 'ಹೊತ್ತು ಹೋಗೋಕೆ ಏನೋ ಮಾಡ್ಕೋತಾಳೆ' ಎಂದೇ ಕರೆದರು.

ಆದ್ದರಿಂದ ನಾನು ಮಾಡಿದ್ದನ್ನು ಯಾರಾದರೂ "ಇದು ಎಷ್ಟಕ್ಕೆ ಕೊಡ್ತೀರಿ" ಎಂದು ಕೇಳಿದರೆ ದಾರದ ಬೆಲೆಯ ಜೊತೆಗೆ ಹಿಡಿದ ಹೊತ್ತಿನ ಲೆಕ್ಕವನ್ನೂ ಕೂಡಿಸಿ ಹೇಳುತ್ತೇನೆ. ಕೇಳಿದವರು ಹುಬ್ಬೇರಿಸುತ್ತಾರೆ, ಏರಿಸಲಿ. ಉಡುಗೊರೆಯಾಗಿ ಕೊಡುವುದಾದರೆ ಬಿಡಿಗಾಸೂ ಬೇಡ. ಆದರೆ ತೆಗೆದುಕೊಂಡವರು ಅದನ್ನು ಬಳಸಬೇಕು. "ಚೆನ್ನಾಗಿದೆ ಅಂತ ಬೀರುವಿನಲ್ಲಿ ಎತ್ತಿಟ್ಟಿದೀನಿ" ಎಂಬ ಮಾತು ಪ್ರೀತಿಯದೇ, ನನಗೆ ಗೊತ್ತು. ಆದರೂ ಚಕ್ರ ಇರುವುದು ಲೋಟದ ಕೆಳಗಿರಲಿಕ್ಕೆ, ಕಾಫಿಯ ಕಲೆ ಬೀಳಲಿಕ್ಕೆ, ಸೋಪಿನ ನೀರಿನಲ್ಲಿ ನೆನೆದು ಬಿಸಿಲಲ್ಲಿ ಮಲಗಲಿಕ್ಕೆ. ಒಣಗಿಸುವಾಗ ಮಾತ್ರ ತಂತಿಗೆ ನೇತುಹಾಕಬೇಡಿ, ಜೋತು ಉದ್ದವಾಗುತ್ತದೆ. ಟವೆಲಿನ ಮೇಲೆ ಚಪ್ಪಟೆ ಹರಡಿ.

ಸದ್ಯಕ್ಕೆ ಡಬ್ಬಿಯಲ್ಲಿರುವುದು ಹಸಿರು ದಾರ. ಶಿವಮೊಗ್ಗದಲ್ಲಿ ತಂಗಿ ಹೊಸ ಮನೆ ಕಟ್ಟಿಸಿದ್ದಾಳೆ, ಬಾಗಿಲಿಗೆ ಮಾವಿನೆಲೆಯ ತೋರಣ ಬೇಕಂತೆ, ನಡುನಡುವೆ ಹಳದಿ ಚೆಂಡುಹೂವು. ಎಲೆಗಳು ಬೆಸ ಸಂಖ್ಯೆಯಲ್ಲಿರಬೇಕು, ಒಂದು ಸರಿಯಾಗಿ ನಡುವೆ ಬರಲಿಕ್ಕೆ. ಬಾಗಿಲಿನ ಅಗಲ ಎಷ್ಟು ಎಂದು ಫೋನು ಮಾಡಿ ಕೇಳಿದೆ. "ಐದು ಗೇಣು, ಮೇಲೆ ನಾಲ್ಕು ಬೆರಳು ಕಣೇ ಅಕ್ಕ" ಎಂದಳು. ಯಾರ ಗೇಣು ಎಂದೆ. "ಇವರದ್ದು. ನಂದು ಮೋಟಲ್ವಾ." ಅವಳ ಗಂಡ ಆರಡಿ ಆಳು, ಆ ಬೆರಳುಗಳ ಉದ್ದ ನನಗೆ ಅಂದಾಜಿಲ್ಲ, ಟೇಪು ಹಿಡಿದು ಅಳೆದು ಹೇಳು ಎಂದೆ. ಹೊಸ ಮನೆಗೆ ಸಾಗಿಸುವಾಗ ಟೇಪು ಯಾವ ಗಂಟಿನಲ್ಲಿ ಸೇರಿದೆಯೋ ಹುಡುಕಬೇಕಂತೆ, ಅಷ್ಟರಲ್ಲಿ ನೀನು ಎಲೆ ಶುರು ಮಾಡಿರು ಎಂದಳು. ಶುರು ಮಾಡಿದ್ದೇನೆ. ಒಂಬತ್ತಂತೂ ಬೇಕೇ ಬೇಕು; ಹನ್ನೊಂದೋ ಅಲ್ಲವೋ ಎಂಬುದು ಟೇಪು ಸಿಕ್ಕ ಮೇಲೆ.